ಆಯಿಲ್ ಲೈಟ್ ಆರಿದರೆ ಹೆಡ್‌ಗೆ ಆಯಿಲ್ ತಲುಪಿದೆ ಎಂದರ್ಥವೇ? ಜೋಡಿಸಿದ ಎಂಜಿನ್‌ಗಳ ಬಗ್ಗೆ ತಿಳಿದಿರಬೇಕಾದದ್ದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರ್‌ಗಳಿಗೆ ಬಿಡುವೇ ಇರುವುದಿಲ್ಲ. ಎರಡು ಟ್ರೇಲರ್ ತುಂಬ ಕಬ್ಬು ಎಳೆಯಬೇಕು, ಏರು ಹತ್ತಬೇಕು. ಹಾಗಾಗಿ ಎಂಜಿನ್ ‘ಪವರ್’ ಹೆಚ್ಚಿಸುವ ವಿಡಿಯೊಗಳಿಗೆ ಇಲ್ಲಿ ನೋಡುಗರೂ ಹೆಚ್ಚು, ಫಾರ್ವರ್ಡ್ ಮಾಡುವವರೂ ಹೆಚ್ಚು. ಒಂದು ಎಂಜಿನ್ನಿನ ಬ್ಲಾಕ್ ಮೇಲೆ ಇನ್ನೊಂದರ ಹೆಡ್ ಕೂರಿಸುವುದು, ಟರ್ಬೊ ಸೇರಿಸುವುದು, ಬೈಕ್‌ಗೆ ಬೇರೆ ಮಾಡೆಲ್‌ನ ಹೆಡ್ ಹಾಕುವುದು, ಹೀಗೆ ಹಲವು ಬಗೆ. ಇಂಥ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮಾತು: “ಲೈಟ್ ಆರಿತಲ್ಲ, ಆಯಿಲ್ ಸರಿ ಇದೆ.”

ಹೇಳಿಕೆ: ಡ್ಯಾಶ್‌ಬೋರ್ಡ್‌ನ ಆಯಿಲ್ ಲೈಟ್ ಆರಿದರೆ ಎಂಜಿನ್ನಿನ ಎಲ್ಲ ಭಾಗಕ್ಕೂ ಆಯಿಲ್ ತಲುಪುತ್ತಿದೆ.

ವಾಸ್ತವ: ತಪ್ಪು. ಸಾಮಾನ್ಯವಾಗಿ ಆ ಲೈಟ್‌ನ ಸ್ವಿಚ್ ಇರುವುದು ಕೆಳಗೆ, ಬ್ಲಾಕ್‌ನಲ್ಲಿ. ಮೇಲಿನ ಹೆಡ್‌ನ ಸ್ಥಿತಿ ಅದಕ್ಕೆ ಗೊತ್ತಾಗುವುದಿಲ್ಲ.

‘ಹೈಬ್ರಿಡ್’ ಎಂದರೆ ಬ್ಯಾಟರಿ ಗಾಡಿಯೇ?

ಇಲ್ಲಿ ಅಲ್ಲ. ಎಂಜಿನ್ ಕಟ್ಟುವವರ ಮಾತಿನಲ್ಲಿ ಬೇರೆ ಬೇರೆ ಎಂಜಿನ್‌ಗಳ ಭಾಗ ಕೂಡಿಸಿ ಕಟ್ಟಿದ್ದೂ ‘ಹೈಬ್ರಿಡ್’. ಆಸ್ಟ್ರೇಲಿಯಾದಲ್ಲಿ ನಿಸ್ಸಾನ್‌ನ 3 ಲೀಟರ್ ಆರ್‌ಬಿ 30 ಬ್ಲಾಕ್ ಮೇಲೆ ಎರಡು ಕ್ಯಾಮ್‌ಶಾಫ್ಟ್ ಇರುವ ಆರ್‌ಬಿ 25 ಅಥವಾ 26 ಹೆಡ್ ಕೂರಿಸುವುದು ಬಹಳ ಹೆಸರಾದ ಜೋಡಣೆ. ಹೋಂಡಾದ ವಿಟೆಕ್ ಇಲ್ಲದ ಬ್ಲಾಕ್‌ಗೆ ವಿಟೆಕ್ ಹೆಡ್ ಹಾಕುವವರೂ ಇದ್ದಾರೆ. ಎರಡರಲ್ಲೂ ಎದುರಾಗುವ ತೊಂದರೆ ಒಂದೇ: ಮೇಲಿನ ಹೆಡ್ ಕೇಳುವ ಆಯಿಲ್ ದಾರಿ ಕೆಳಗಿನ ಬ್ಲಾಕ್‌ನಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಅದಕ್ಕೇ ಹೊರಗಿನಿಂದ ಪೈಪ್ ಎಳೆಯುತ್ತಾರೆ.

ಆಯಿಲ್ ಹೆಡ್‌ಗೆ ಹೇಗೆ ಹೋಗುತ್ತದೆ?

ಆಯಿಲ್ ಚೇಂಬರ್‌ನಿಂದ ಪಂಪ್ ಆಯಿಲನ್ನು ಎಳೆಯುತ್ತದೆ. ಅದು ಫಿಲ್ಟರ್ ದಾಟಿ ಬ್ಲಾಕ್‌ನ ಮುಖ್ಯ ಗ್ಯಾಲರಿಗೆ ಬರುತ್ತದೆ. ಅಲ್ಲಿಂದ ಒಂದು ಪಾಲು ಕ್ರ್ಯಾಂಕ್ ಬೇರಿಂಗ್‌ಗಳಿಗೆ, ಇನ್ನೊಂದು ಪಾಲು ಹೆಡ್ ಗ್ಯಾಸ್ಕೆಟ್‌ನ ರಂಧ್ರದ ಮೂಲಕ ಮೇಲಕ್ಕೆ. ಮೇಲೆ ಕ್ಯಾಮ್‌ಶಾಫ್ಟ್, ರಾಕರ್, ವಾಲ್ವ್‌ಗಳನ್ನು ನೆನೆಸಿ, ತನ್ನ ಭಾರಕ್ಕೆ ತಾನೇ ಕೆಳಗಿಳಿದು ಚೇಂಬರ್ ಸೇರುತ್ತದೆ.

ಎಂಜಿನ್ 2,000 ಆರ್‌ಪಿಎಂನಲ್ಲಿ ತಿರುಗಿದರೆ ಪ್ರತಿ ವಾಲ್ವ್ ನಿಮಿಷಕ್ಕೆ 1,000 ಸಲ ತೆರೆದು ಮುಚ್ಚುತ್ತದೆ. ಅಷ್ಟು ಉಜ್ಜಾಟಕ್ಕೆ ಆಯಿಲ್ ಪದರವೇ ಆಸರೆ. ಅನೇಕ ಅಲ್ಯುಮಿನಿಯಂ ಹೆಡ್‌ಗಳಲ್ಲಿ ಕ್ಯಾಮ್‌ಶಾಫ್ಟ್ ನೇರವಾಗಿ ಹೆಡ್‌ನ ಲೋಹದ ಮೇಲೆಯೇ ತಿರುಗುತ್ತದೆ. ನಡುವೆ ಬದಲಿಸಬಹುದಾದ ಬೇರಿಂಗ್ ಇಲ್ಲ. ಒಣಗಿ ಗೀರು ಬಿದ್ದರೆ ಹೆಚ್ಚಿನ ಸಲ ಹೆಡ್ಡನ್ನೇ ಬದಲಿಸಬೇಕಾಗುತ್ತದೆ.

ಎಲ್ಲ ಎಂಜಿನ್‌ಗೂ ಇದೇ ಲೆಕ್ಕವಲ್ಲ. ಆರ್‌ಎಕ್ಸ್ 100, ಹಳೆಯ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕ್‌ಗಳ ಹೆಡ್‌ನಲ್ಲಿ ವಾಲ್ವ್ ಇಲ್ಲ, ಆಯಿಲ್ ದಾರಿಯೂ ಇಲ್ಲ. ಹಳೆಯ ಕಾಸ್ಟ್ ಐರನ್ ಬುಲೆಟ್‌ನಲ್ಲಿ ರಾಕರ್‌ಗೆ ಆಯಿಲ್ ಒಯ್ಯುವ ಪೈಪ್ ಹೊರಗೇ ಕಾಣುತ್ತದೆ. ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕ್‌ನಲ್ಲೇ ಇದ್ದು, ಹೆಡ್‌ನಲ್ಲಿ ರಾಕರ್ ಮಾತ್ರ ಇರುತ್ತದೆ. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯಬೇಕೆಂದಿಲ್ಲ.

ಲೈಟ್ ಯಾಕೆ ಸುಳ್ಳು ಭರವಸೆ ಕೊಡುತ್ತದೆ?

ಗ್ಯಾಲರಿಯಲ್ಲಿ ಅರ್ಧ ಬಾರ್ ಆಸುಪಾಸಿನ ಒತ್ತಡ ಬಂದರೂ ಸಾಕು, ಲೈಟ್ ಆರುತ್ತದೆ. ಇನ್ನೊಂದು ವಿಚಿತ್ರ ನೋಡಿ: ಹೆಡ್‌ಗೆ ಹೋಗುವ ರಂಧ್ರವೇ ಮುಚ್ಚಿದ್ದರೆ ಆಯಿಲ್‌ಗೆ ಹೊರಹೋಗುವ ಒಂದು ದಾರಿ ಕಡಿಮೆ. ಆಗ ಕೆಳಗಿನ ಮೀಟರ್ ಕಡಿಮೆ ತೋರಿಸುವ ಬದಲು ಸ್ವಲ್ಪ ಹೆಚ್ಚೇ ತೋರಿಸಬಹುದು. ಮೀಟರ್ ಚೆನ್ನಾಗಿದೆ ಎಂದು ಖುಷಿಪಡುವ ಹೊತ್ತಿಗೆ ಮೇಲೆ ರಾಕರ್ ಒಣಗುತ್ತಿರುತ್ತದೆ.

“ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ” ಎಂಬುದೂ ಇಂಥದ್ದೇ ಮಾತು. ದಪ್ಪ ಆಯಿಲ್ ಒತ್ತಡದ ಅಂಕಿ ಏರಿಸುತ್ತದೆ, ಆದರೆ ಸಣ್ಣ ರಂಧ್ರಗಳಲ್ಲಿ ನಿಧಾನ ಹರಿಯುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಹೆಡ್‌ಗೆ ಇನ್ನೂ ತಡವಾಗಿ ತಲುಪುತ್ತದೆ.

ಹೆಚ್ಚು ಆಯಿಲ್ ಕೊಟ್ಟರೆ ಒಳ್ಳೆಯದಲ್ಲವೇ?

ಇಲ್ಲ. ಮೇಲೆ ಹೋದಷ್ಟು ಆಯಿಲ್ ಕೆಳಗೂ ಇಳಿಯಬೇಕು. ಹೆಚ್ಚಿನ ಆರ್‌ಪಿಎಂನಲ್ಲಿ ಬಹಳ ಹೊತ್ತು ಓಡಿದಾಗ ಆಯಿಲ್ ಹೆಡ್‌ನಲ್ಲೇ ನಿಂತರೆ ಚೇಂಬರ್ ಬರಿದಾಗುತ್ತದೆ, ಪಂಪ್ ಗಾಳಿ ಎಳೆಯುತ್ತದೆ, ಕ್ರ್ಯಾಂಕ್ ಬೇರಿಂಗ್ ಹೋಗುತ್ತದೆ. ವಾಲ್ವ್ ಗೈಡ್ ಮೂಲಕ ಆಯಿಲ್ ಇಳಿದು ನೀಲಿ ಹೊಗೆಯೂ ಬರಬಹುದು. ಅದಕ್ಕೇ ಆರ್‌ಬಿ ಎಂಜಿನ್ ಕಟ್ಟುವವರು ಹೆಡ್‌ನ ದಾರಿಯಲ್ಲಿ ಸಣ್ಣ ರಂಧ್ರದ ರಿಸ್ಟ್ರಿಕ್ಟರ್ ಕೂರಿಸುತ್ತಾರೆ. ಆದರೆ ಅದೇ ಅಳತೆಯನ್ನು ಬೇರೆ ಎಂಜಿನ್‌ಗೆ ನಕಲು ಮಾಡಿದರೆ ಹೆಡ್ ಒಣಗಬಹುದು.

ಪರೀಕ್ಷಿಸುವುದು ಹೇಗೆ?

1. ಗ್ಯಾಸ್ಕೆಟ್ ಇಟ್ಟು ನೋಡಿ. ಅದನ್ನು ಮೊದಲು ಬ್ಲಾಕ್ ಮೇಲೆ, ಆಮೇಲೆ ಹೆಡ್ ಮೇಲೆ ಇಟ್ಟು ಪ್ರತಿ ರಂಧ್ರ ಗುರುತಿಸಿ. ಆಯಿಲ್ ರಂಧ್ರಕ್ಕೆ ಆಯಿಲ್ ರಂಧ್ರವೇ ಎದುರಾಗಬೇಕು. ನೀರಿನ ರಂಧ್ರ ಎದುರಾದರೆ ಎರಡೂ ಬೆರೆಯುತ್ತವೆ. ಗ್ಯಾಸ್ಕೆಟ್ ತಿರುವುಮುರುವಾದರೂ ದಾರಿ ಮುಚ್ಚಬಹುದು.

2. ಗಾಳಿ ಊದಿ. ಕಂಪ್ರೆಸರ್‌ನಿಂದ ಹೆಡ್‌ನ ಆಯಿಲ್ ರಂಧ್ರಕ್ಕೆ ಗಾಳಿ ಬಿಟ್ಟಾಗ ಪ್ರತಿ ಕ್ಯಾಮ್ ಅಥವಾ ರಾಕರ್ ರಂಧ್ರದಲ್ಲೂ ಹೊರಬರಬೇಕು. ಕಣ್ಣಿಗೆ ಕನ್ನಡಕ ಇರಲಿ.

3. ರಾಕರ್ ಶಾಫ್ಟ್‌ನ ದಿಕ್ಕು, ಬೋಲ್ಟ್ ಎರಡೂ ನೋಡಿ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಒಂದು ಬೋಲ್ಟ್‌ನ ಸುತ್ತಲಿನ ಸಂದಿಯಿಂದಲೇ ಮೇಲೇರುತ್ತದೆ. ಆ ಬೋಲ್ಟ್‌ನ ನಡುಭಾಗ ಸಣಕಲಾಗಿರುತ್ತದೆ. ಅಲ್ಲಿ ಮಾಮೂಲಿ ಬೋಲ್ಟ್ ಹಾಕಿದರೆ ದಾರಿ ಬಂದ್.

4. ಹೊರಗಿನ ಪೈಪ್ ಬೇಕಾದರೆ ಫಿಲ್ಟರ್ ದಾಟಿದ ಆಯಿಲನ್ನೇ ತೆಗೆದುಕೊಳ್ಳಿ. ಬಳಸದ ಹಳೆಯ ರಂಧ್ರಕ್ಕೆ ಮರೆ ಇರುವ ಪ್ಲಗ್ ಹಾಕಿಸಿ. ಪೆಟ್ರೋಲ್ ಪೈಪ್ ಇಲ್ಲಿ ನಡೆಯದು. ಬಿಸಿ ಮತ್ತು ಒತ್ತಡ ತಾಳುವ ಆಯಿಲ್ ಹೋಸ್ ಬೇಕು. ಅದು ಸೈಲೆನ್ಸರ್ ಕಡೆಗೆ ಸಿಡಿದರೆ ಬೆಂಕಿ ಹತ್ತಬಹುದು. ಟರ್ಬೊ ಸೇರಿಸಿದವರು ಹೆಡ್‌ಗೆ ಹೋಗುವ ಸಣ್ಣ ದಾರಿಯಲ್ಲೇ ಟೀ ಹಾಕಿ ಹಂಚಿಕೊಳ್ಳಬೇಡಿ.

5. ಸ್ಟಾರ್ಟ್ ಮಾಡುವ ಮುನ್ನ ತಿರುಗಿಸಿ. ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಬಂದ್ ಮಾಡಿ. ಡೀಸೆಲ್‌ನಲ್ಲಿ ಇಂಧನ ಬಂದ್ ಮಾಡಿ. ಟ್ಯಾಪೆಟ್ ಕವರ್ ತೆಗೆದು ಸ್ಟಾರ್ಟರನ್ನು 10 ಸೆಕೆಂಡ್‌ನಂತೆ ಬಿಟ್ಟು ಬಿಟ್ಟು ತಿರುಗಿಸಿ. ಕೊನೆಯ ರಾಕರ್‌ನಲ್ಲೂ ಆಯಿಲ್ ಕಾಣುವವರೆಗೆ ಸ್ಟಾರ್ಟ್ ಮಾಡಬೇಡಿ. ಕೈ, ಬಟ್ಟೆ ದೂರವಿರಲಿ.

6. ಎರಡು ಕಡೆ ಒತ್ತಡ ಅಳೆಯಿರಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮುಖ್ಯ ಗ್ಯಾಲರಿಯಲ್ಲಿ ಒಮ್ಮೆ, ಹೆಡ್‌ನ ಗ್ಯಾಲರಿಯ ಕೊನೆಯಲ್ಲಿ ಒಮ್ಮೆ. ಗ್ಯಾಲರಿಯಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಗ್ಯಾರೇಜ್‌ಗಳ ಅಂದಾಜು ಲೆಕ್ಕ. ಕಂಪನಿಯ ಮ್ಯಾನುವಲ್‌ನ ಅಂಕಿಯೇ ಅಂತಿಮ. ಹೆಡ್‌ನ ಅಂಕಿ ಇದಕ್ಕಿಂತ ಕಡಿಮೆಯಿರುವುದು ಸಹಜ, ಆದರೆ ಸೊನ್ನೆಯ ಹತ್ತಿರ ಇರಬಾರದು.

7. ಇಳಿಯುವ ದಾರಿಯನ್ನೂ ನೋಡಿ. ಎಂಜಿನ್ ನಿಲ್ಲಿಸಿ ಹೆಡ್ ಮೇಲೆ ಅರ್ಧ ಲೀಟರ್ ಆಯಿಲ್ ಸುರಿದರೆ ನಿಲ್ಲದೆ ಇಳಿಯಬೇಕು. ಬ್ರೀದರ್ ಪೈಪ್ ಕಟ್ಟಿದ್ದರೂ ಕೆಳಗಿನ ಗಾಳಿ ಆಯಿಲನ್ನು ಇಳಿಯಲು ಬಿಡುವುದಿಲ್ಲ. ಸುರಿದ ಆಯಿಲ್ ಲೆಕ್ಕ ಹಿಡಿದು, ಡಿಪ್‌ಸ್ಟಿಕ್ ನೋಡಿ ಹೆಚ್ಚಾದದ್ದನ್ನು ತೆಗೆಯಿರಿ.

ಯಾವಾಗ ತಕ್ಷಣ ನಿಲ್ಲಿಸಬೇಕು?

ಮೇಲಿನಿಂದ ‘ಟಕ್ ಟಕ್’ ಸದ್ದು ಬಿಸಿಯಾದ ಮೇಲೂ ಹೆಚ್ಚುತ್ತಿದ್ದರೆ, ಕಿರುಗುಟ್ಟುವ ಸದ್ದು ಬಂದರೆ, ಫಿಲ್ಟರ್‌ನಲ್ಲಿ ಹೊಳೆಯುವ ಲೋಹದ ಚೂರು ಕಂಡರೆ. ಲೈಟ್ ಆರಿದ್ದರೂ ಸರಿ, ಎಂಜಿನ್ ಬಂದ್ ಮಾಡಿ. “ಊರು ಮುಟ್ಟಲಿ, ಆಮೇಲೆ ನೋಡೋಣ” ಎಂದು ಓಡಿಸಿದರೆ ಸಣ್ಣ ರಂಧ್ರ ಬಿಡಿಸುವ ಕೆಲಸ ಹೆಡ್ ಬದಲಿಸುವ ಖರ್ಚಾಗುತ್ತದೆ. ಹಂಗಾಮಿನ ನಡುವೆ ಟ್ರ್ಯಾಕ್ಟರ್ ನಿಂತರೆ ಆ ದಿನಗಳ ಬಾಡಿಗೆಯೂ ಹೋಯಿತು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿಯಲ್ಲಿರುವ ಕಂಪನಿಯ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ 182ಎ ಕಲಂ ಅಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಎಂಜಿನ್ ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಒಟ್ಟಾರೆ: ಆರಿದ ಲೈಟ್ ಹೇಳುವುದು ಕೆಳಗೆ ಸ್ವಲ್ಪ ಒತ್ತಡ ಇದೆ ಎಂದಷ್ಟೇ. ಹೆಡ್‌ಗೆ ಆಯಿಲ್ ಬಂದಿದೆಯೇ ಎಂಬುದನ್ನು ಕವರ್ ತೆಗೆದು ಕಣ್ಣಾರೆ ನೋಡಿ, ಮೀಟರ್ ಇಟ್ಟು ಅಳೆದೇ ತಿಳಿಯಬೇಕು. ‘ಪವರ್ ಡಬಲ್’ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಕಳಿಸಿದವರಿಗೆ ಇದೊಂದು ಪ್ರಶ್ನೆ ಕೇಳಿ: ಹೆಡ್‌ಗೆ ಆಯಿಲ್ ಎಲ್ಲಿಂದ ಬರುತ್ತದೆ, ಎಲ್ಲಿಂದ ಇಳಿಯುತ್ತದೆ? ಉತ್ತರ ಸಿಕ್ಕ ಮೇಲೆ ಫಾರ್ವರ್ಡ್ ಮಾಡಿ.