ಗಂಡಾಂತರ ಗರ್ಭಿಣಿಯರ ಪ್ರಸವಪೂರ್ವ ಆರೈಕೆ: ಇತಿಹಾಸ

ಅಧಿಕ ರಕ್ತದೊತ್ತಡ, ಮಧುಮೇಹ, ತೀವ್ರ ರಕ್ತಹೀನತೆ, ಅವಳಿ ಗರ್ಭ, ಹಿಂದಿನ ಸಿಸೇರಿಯನ್ ಮುಂತಾದ ಕಾರಣಗಳಿಂದ ತಾಯಿಗೋ ಮಗುವಿಗೋ ಹೆಚ್ಚಿನ ಅಪಾಯವಿರುವವರನ್ನು ಗಂಡಾಂತರ ಗರ್ಭಿಣಿಯರು ಎನ್ನುತ್ತಾರೆ. ಇವರ ಆರೈಕೆಯನ್ನು ಬಹುಕಾಲ ಅಳೆದದ್ದು ತಪಾಸಣೆಗಳ ಲೆಕ್ಕದಿಂದ. ಗುಣಮಟ್ಟದ ಪ್ರಶ್ನೆ ಎದ್ದದ್ದು ತಡವಾಗಿ.

ಹೆರಿಗೆಗೆ ಮುಂಚೆಯೇ ಬಸುರಿಯರಿಗೆ ಆಸ್ಪತ್ರೆ ಬೇಕೆಂದು 1901ರಲ್ಲಿ ವಾದಿಸಿದವರು ಎಡಿನ್‌ಬರೋದ ವೈದ್ಯ ಜಾನ್ ವಿಲಿಯಂ ಬ್ಯಾಲಂಟೈನ್. ಮೊದಲಿಗೆ ಸಿಕ್ಕಿದ್ದು ಒಂದೇ ಒಂದು ಹಾಸಿಗೆ. ಅವರ ಮೂಲ ಆಸಕ್ತಿಯೂ ತಾಯಿಗಿಂತ ಭ್ರೂಣದ ರೋಗಗಳಲ್ಲಿತ್ತು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವಾಲಯ 16, 24, 28ನೇ ವಾರ, ಬಳಿಕ 36ರವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ತಪಾಸಣೆ ಎಂದು ಗೊತ್ತುಮಾಡಿತು. ಈ ವೇಳಾಪಟ್ಟಿ ಎಲ್ಲೆಡೆ ಹಬ್ಬಿತು, ಅದಕ್ಕೆ ಗಟ್ಟಿ ಪುರಾವೆ ಇರದಿದ್ದರೂ. ಬ್ರಿಟನ್ನಿನಲ್ಲಿ ತಾಯಂದಿರ ಸಾವು ನಿಜಕ್ಕೂ ಇಳಿಯತೊಡಗಿದ್ದು 1930ರ ದಶಕದ ನಡುವೆ, ಸಲ್ಫಾ ಔಷಧಗಳು ಬಂದ ಮೇಲೆ.

1970ರ ದಶಕದಲ್ಲಿ ವಯಸ್ಸು, ಎತ್ತರ, ಹಿಂದಿನ ಹೆರಿಗೆಗಳನ್ನು ನೋಡಿ ಅಂಕ ಕೊಟ್ಟು ಅಪಾಯ ಗುರುತಿಸುವ ಕ್ರಮ ಬೆಳೆಯಿತು. ಆದರೆ ಅಂಕ ಕಡಿಮೆ ಬಂದವರಲ್ಲೂ ಅನೇಕರಿಗೆ ಹೆರಿಗೆಯಲ್ಲಿ ತೊಡಕಾಯಿತು. ಹೆಚ್ಚು ಬಂದವರಲ್ಲಿ ಎಷ್ಟೋ ಮಂದಿ ಸುಸೂತ್ರವಾಗಿ ಹೆತ್ತರು. ಹೀಗಾಗಿ ಚೀಟಿ ಅಂಟಿಸುವುದಕ್ಕಿಂತ ಚಿಕಿತ್ಸೆ ಮುಖ್ಯವಾಯಿತು. ಅವಧಿಪೂರ್ವ ಹೆರಿಗೆಯ ಸಂಭವವಿರುವ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಉಸಿರಾಟದ ತೊಂದರೆ ತಗ್ಗುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದರು. ಗರ್ಭನಂಜಿನ (ಪ್ರಿ-ಎಕ್ಲಾಂಪ್ಸಿಯಾ) ಲಕ್ಷಣವಿರುವವರಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರೆ ಫಿಟ್ಸ್ ಬರುವ ಅಪಾಯ ಅರ್ಧಕ್ಕೂ ಕೆಳಗಿಳಿಯುವುದು 2002ರ ಮ್ಯಾಗ್‌ಪೈ ಪ್ರಯೋಗದಲ್ಲಿ ಖಚಿತವಾಯಿತು. ಇವೆರಡೂ ದುಬಾರಿ ಮದ್ದುಗಳಲ್ಲ; ಹೊತ್ತಿಗೆ ಸರಿಯಾಗಿ ಕೈಗೆ ಸಿಗಬೇಕು, ಅಷ್ಟೇ. ತಪಾಸಣೆಗಳ ಲೆಕ್ಕವೂ ಬದಲಾಯಿತು: 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ನಾಲ್ಕು ಭೇಟಿಗಳ ಬದಲು ಎಂಟನ್ನು ಶಿಫಾರಸು ಮಾಡಿತು.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಗರ್ಭನಂಜನ್ನು ಊರಮಟ್ಟದಲ್ಲೇ ಗುರುತಿಸಲು 2014ರಿಂದ 2016ರವರೆಗೆ ನಡೆದ ಕ್ಲಿಪ್ ಪ್ರಯೋಗದ ಫಲಿತಾಂಶ ವಿಚಾರಾರ್ಹ. ಆಶಾ ಕಾರ್ಯಕರ್ತೆಯರು, ಎಎನ್‌ಎಂಗಳು ಮನೆಬಾಗಿಲಲ್ಲೇ ಬಿಪಿ ನೋಡಿ, ಮೊಬೈಲ್ ಆ್ಯಪ್ ಸೂಚಿಸಿದಂತೆ ಗರ್ಭಿಣಿಯರನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಆದರೂ ತಾಯಿ-ಮಗುವಿನ ಒಟ್ಟು ಸಾವುನೋವಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ.

ಭಾರತದಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಆರಂಭವಾಯಿತು. ಪ್ರತಿ ತಿಂಗಳ 9ರಂದು ವೈದ್ಯರಿಂದ ಉಚಿತ ತಪಾಸಣೆ. ಅಪಾಯವಿದ್ದರೆ ಕಾರ್ಡಿಗೆ ಕೆಂಪು ಸ್ಟಿಕ್ಕರ್, ಇಲ್ಲದಿದ್ದರೆ ಹಸಿರು. ಕೆಂಪು ಅಂಟಿಸಿದ ಮೇಲೆ ಆಕೆಯ ಗತಿಯೇನು ಎಂಬುದಕ್ಕೆ ವ್ಯವಸ್ಥೆ ಆದದ್ದು 2022ರ ವಿಸ್ತರಣೆಯಲ್ಲಿ: ಹೆಚ್ಚುವರಿ ಮೂರು ತಪಾಸಣೆ, ಹೆರಿಗೆಯಾಗಿ 45ನೇ ದಿನದವರೆಗೆ ಹೆಸರು ಹಿಡಿದು ನಿಗಾ.