ಕುಶಾಲತೋಪಿಗೆ ಅಂಜದ ಆನೆಗಳು

ಖಾರಘರದ ನಮ್ಮ ಓಣಿಯಲ್ಲಿ ಮೀನು ಮಾರುವವಳ ಕೂಗು ಕೇಳಿದರೆ ಸಾಕು, ಮೂಲೆ ಮೂಲೆಯಲ್ಲಿ ಮಲಗಿದ್ದ ಬೆಕ್ಕುಗಳು ಬಾಲವೆತ್ತಿ ಓಡಿಬರುತ್ತವೆ. ಬುಟ್ಟಿ ಇನ್ನೂ ತಲೆಯಿಂದ ಇಳಿದಿರುವುದಿಲ್ಲ. ಕೂಗಿನ ಹಿಂದೆ ಮೀನು ಬರುತ್ತದೆಂಬುದನ್ನು ಅವು ಕಲಿತಿವೆ.

ಈ ಬಗೆಯ ಕಲಿಕೆಯನ್ನು ಪ್ರಯೋಗಶಾಲೆಯಲ್ಲಿ ಅಳೆದು ತೋರಿಸಿ ಪ್ರಸಿದ್ಧರಾದವರು ರಷ್ಯದ ಇವಾನ್ ಪಾವ್ಲೋವ್. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅವರು, ಆಹಾರ ಬಾಯಿಗೆ ಬೀಳುವ ಮುಂಚೆಯೇ ನಾಯಿ ಜೊಲ್ಲು ಸುರಿಸುವುದನ್ನು ಗಮನಿಸಿದರು. ತಾಳಯಂತ್ರದ ಸದ್ದು ಕೇಳಿಸಿ ಕೂಡಲೇ ಆಹಾರ ಕೊಡುತ್ತ ಹೋದಾಗ, ಕೆಲಕಾಲದಲ್ಲಿ ಬರಿಯ ಸದ್ದಿಗೇ ಜೊಲ್ಲು ಬಂದಿತು. ಸದ್ದು ಕೇಳಿಸಿಯೂ ಆಹಾರ ಕೊಡದಿದ್ದಾಗ ಅದು ಕ್ರಮೇಣ ನಿಂತಿತು. ಆದರೆ ಕೊಂಚ ವಿರಾಮದ ನಂತರ ಅದೇ ಸದ್ದಿಗೆ ಜೊಲ್ಲು ಮತ್ತೆ ಬಂದಿತು! ಕಲಿತದ್ದು ಅಳಿದಿರಲಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಇತ್ತು.

ಇದಕ್ಕೆ ಹತ್ತಿರದ ಇನ್ನೊಂದು ಕಲಿಕೆಯನ್ನು ನಮ್ಮ ಮೈಸೂರು ದಸರೆಯಲ್ಲಿ ಕಾಣಬಹುದು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಉತ್ಸವದಲ್ಲಿ ಇಂದಿಗೂ ವಿಜಯದಶಮಿಯಂದು 21 ಕುಶಾಲತೋಪು ಹಾರುತ್ತವೆ. ಹಿಂದೆ ಮಹಾರಾಜರು ಕುಳಿತು ಸಾಗುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಈಗ ತಾಯಿ ಚಾಮುಂಡೇಶ್ವರಿಯ ವಿಗ್ರಹ ಸಾಗುತ್ತದೆ. ಸುಮಾರು 750 ಕಿಲೋ ತೂಕದ ಆ ಅಂಬಾರಿಯನ್ನು ಹೊತ್ತ ಆನೆ ಜನಸಾಗರದ ನಡುವೆ ಬೆದರಿದರೆ ಗತಿಯೇನು?

ಅದಕ್ಕೆಂದೇ ಹಬ್ಬಕ್ಕೆ ಮುನ್ನ ಆನೆ ಕುದುರೆಗಳನ್ನು ನಿಲ್ಲಿಸಿ ತೋಪು ಹಾರಿಸುವ ತಾಲೀಮು ನಡೆಯುತ್ತದೆ. ಮಾವುತರೂ ಕಾವಾಡಿಗಳೂ ಮೈದಡವುತ್ತ ಪಕ್ಕದಲ್ಲೇ ನಿಲ್ಲುತ್ತಾರೆ. ಮೊದಲ ಸಿಡಿತಕ್ಕೆ ಹೊಸ ಆನೆ ಬೆಚ್ಚಿ ಹಿಂದೆ ಸರಿಯುತ್ತದೆ. ಆ ಸದ್ದಿನ ಹಿಂದೆ ಕೇಡೇನೂ ಬಾರದೆಂದು ಮತ್ತೆ ಮತ್ತೆ ಕಂಡಾಗ ಅಂಜಿಕೆ ಇಳಿಯುತ್ತದೆ. ಶಾಸ್ತ್ರಜ್ಞರು ಇದನ್ನು ಒಗ್ಗುವಿಕೆ ಎನ್ನುತ್ತಾರೆ. ಸದ್ದಿಗೂ ಆಹಾರಕ್ಕೂ ನಂಟು ಕಟ್ಟುವ ಪಾವ್ಲೋವರ ನಾಯಿಯ ಕಲಿಕೆಗಿಂತ ಇದು ಸರಳ. ಆದರೆ ಇಲ್ಲಿಯೂ ಬೂದಿಯ ಕೆಳಗೆ ಕೆಂಡ ಉಳಿದಿರುತ್ತದೆ. ಕಾಡಿನ ಶಿಬಿರದಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಆನೆಗೆ ಹಳೆಯ ಅಂಜಿಕೆ ಮರಳಬಹುದು. ಆದ್ದರಿಂದಲೇ ತಾಲೀಮು ಒಂದು ವರ್ಷಕ್ಕೆ ಮುಗಿಯುವುದಿಲ್ಲ.

ಅರಮನೆಗೆ ವರವಾದ ಈ ಗುಣವೇ ರೈತನಿಗೆ ಸಂಕಟವಾಗಿದೆ. ಹಾಸನ, ಕೊಡಗುಗಳಲ್ಲಿ ಗದ್ದೆ ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಓಡಿಸಲು ಪಟಾಕಿ ಸಿಡಿಸುತ್ತಾರೆ. ಮೊದಮೊದಲು ಆನೆ ಓಡುತ್ತದೆ. ಸದ್ದಷ್ಟೇ, ಬೇರೇನೂ ಇಲ್ಲವೆಂದು ತಿಳಿದ ಮೇಲೆ ನಿಂತಲ್ಲೇ ನಿಂತು ಬಾಳೆ ಮುರಿಯುತ್ತದೆ. ಆಗ ಪಳಗಿದ ಆನೆಗಳನ್ನೇ ಕರೆತರಬೇಕಾಗುತ್ತದೆ.

2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಅಂಥ ಕೆಲಸಕ್ಕೇ ಹೋಗಿದ್ದ. ತೋಪಿಗೆ ಬೆದರದ ಆ ಸಲಗ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿದ. ದೂರದ ಈ ಊರಿನಲ್ಲಿ ಕುಳಿತು ಟೀವಿಯಲ್ಲಿ ಜಂಬೂಸವಾರಿ ನೋಡುವ ನಾವು, ತೋಪು ಹಾರಿದಾಗ ಆನೆ ಕದಲದೆ ನಿಂತರೆ ಮಕ್ಕಳಿಗೆ ಇದಿಷ್ಟನ್ನು ಹೇಳೋಣ: ಆ ಧೈರ್ಯ ಹುಟ್ಟಿನಿಂದ ಬಂದದ್ದಲ್ಲ. ಮನುಷ್ಯರನ್ನು ನಂಬಿ, ವರ್ಷ ವರ್ಷವೂ ಹೊಸದಾಗಿ ಕಲಿತದ್ದು.