ಮೆಡಿಸಿನ್ ಹ್ಯಾಟ್‌ನ ಜಾಡಿಗಳು



ಇತಿಹಾಸವೆಂದರೆ ಅರಸರ ವಂಶಾವಳಿ, ಕದನಗಳ ಇಸವಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅಡುಗೆಮನೆಯ ಮೂಲೆಯಲ್ಲಿರುವ ಜಾಡಿಗೂ ಇತಿಹಾಸವುಂಟೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರು ಕೆನಡಾದಲ್ಲಿ ನೆಲೆಸಿರುವುದರಿಂದ, ಆ ದೇಶದ ಜಾಡಿಗಳ ಕಥೆಯನ್ನೇ ಇಂದು ಬರೆಯುತ್ತಿದ್ದೇನೆ.

1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯವರು ಇಂದಿನ ಆಲ್ಬರ್ಟಾ ಪ್ರಾಂತದ ಮೆಡಿಸಿನ್ ಹ್ಯಾಟ್ ಊರಿನ ಪಶ್ಚಿಮಕ್ಕೆ, ಹುಲ್ಲುಗಾವಲಿನಲ್ಲಿ ನೀರಿಗಾಗಿ ಬಾವಿ ಕೊರೆಸಿದರು. ದೊರೆತದ್ದು ನೀರಲ್ಲ, ನೈಸರ್ಗಿಕ ಅನಿಲ! ಕುಂಬಾರಿಕೆಗೆ ಮಣ್ಣಿನಷ್ಟೇ ಮುಖ್ಯವಾದುದು ಬೆಂಕಿ. ಅಗ್ಗದ ಅನಿಲವನ್ನು ನೆಚ್ಚಿ ಊರಿನಲ್ಲಿ ಇಟ್ಟಿಗೆಯ ಕಾರ್ಖಾನೆಗಳು ತಲೆಯೆತ್ತಿದವು. 1912ರಲ್ಲಿ ಜಾಡಿಗಳ ಕಾರ್ಖಾನೆಯೂ ಆರಂಭವಾಯಿತು. ಊರು ಮತ್ತು ಪ್ರಾಂತದ ಹೆಸರುಗಳನ್ನು ಬೆಸೆದು ಅದನ್ನು ಮುಂದೆ ‘ಮೆಡಾಲ್ಟಾ’ ಎಂದು ಕರೆದರು. ಇಟ್ಟಿಗೆಗೆ ಊರಿನ ಮಣ್ಣೇ ಸಾಕಾಗಿತ್ತು. ಜಾಡಿಗೆ ತಕ್ಕ ಜೇಡಿಮಣ್ಣು ನೆರೆಯ ಸಸ್ಕಾಚೆವಾನ್‌ನಿಂದ ರೈಲಿನಲ್ಲಿ ಬರುತ್ತಿತ್ತು.

ಈ ಜಾಡಿಗಳನ್ನು ಗುಮ್ಮಟದಂತಹ ದುಂಡನೆಯ ಆವಿಗೆಗಳಲ್ಲಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಿದ್ದರು. ಹಾಗೆ ಬೆಂದ ಮಣ್ಣು ಕಲ್ಲಿನಂತೆ ಬಿಗಿಯಾಗಿ, ಉಪ್ಪನ್ನಾಗಲಿ ಹುಳಿಯನ್ನಾಗಲಿ ಹೀರುವುದಿಲ್ಲ. ದೀರ್ಘ ಚಳಿಗಾಲದ ಆ ಸೀಮೆಯಲ್ಲಿ ರೈತರ ಮನೆಯ ಬೆಣ್ಣೆ, ಉಪ್ಪುನೀರಿನ ಸೌತೆಕಾಯಿ, ಹುಳಿಯಿಟ್ಟ ಎಲೆಕೋಸು ಕೆಡದೆ ಉಳಿದದ್ದು ಇವುಗಳಲ್ಲಿಯೇ. ನಮ್ಮ ಅಜ್ಜಿಯಂದಿರ ಉಪ್ಪಿನಕಾಯಿ ಭರಣಿಯನ್ನು ನೆನೆದರೆ ಅದರ ಬೆಲೆ ತಿಳಿದೀತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲಸಗಾರರ ಅಭಾವವುಂಟಾದಾಗ, ಊರಿನ ಶಿಬಿರದಲ್ಲಿದ್ದ ಜರ್ಮನ್ ಯುದ್ಧಕೈದಿಗಳು ಇಲ್ಲಿ ದುಡಿದರು. ಶತ್ರುವೆನಿಸಿದವನು ಮುಟ್ಟಿದ ಪಾತ್ರೆಯಲ್ಲಿ ಕೆನಡಾದ ಕುಟುಂಬಗಳು ಉಂಡವು. ಇದನ್ನು ಓದಿದಾಗ ನನ್ನ ಮನಸ್ಸು ಬಹಳ ಹೊತ್ತು ಅಲ್ಲಿಯೇ ನಿಂತಿತು.

ಕಾಲಕ್ರಮೇಣ ಗಾಜಿನ ಶೀಶೆ, ರೆಫ್ರಿಜರೇಟರುಗಳು ಮನೆಮನೆಯನ್ನು ಹೊಕ್ಕವು. ಜಾಡಿಯ ಅಗತ್ಯ ಕುಗ್ಗಿತು. 1954ರಲ್ಲಿ ಮೆಡಾಲ್ಟಾ ಮುಚ್ಚಿತು. 1985ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಹಳೆಯ ಆವಿಗೆಗಳನ್ನು ಉಳಿಸಿಕೊಂಡು ಈಗ ಅಲ್ಲಿ ವಸ್ತುಸಂಗ್ರಹಾಲಯ ನಡೆಯುತ್ತಿದೆ; ಹೊಸ ತಲೆಮಾರಿನ ಕುಂಭ ಕಲಾವಿದರು ಬಂದು ಕೆಲಸ ಮಾಡುತ್ತಾರೆ.

ಕಾರ್ಖಾನೆಯ ಹೆಸರು, ಗ್ಯಾಲನ್ ಅಳತೆ ಜಾಡಿಯ ಮೈಮೇಲೆ ಉಳಿದಿವೆ. ಮಣ್ಣನ್ನು ಹದಗೊಳಿಸಿದವರು ಯಾರು, ಅದರಲ್ಲಿ ಏನನ್ನು ತುಂಬಿಟ್ಟು ಯಾವ ಮನೆ ಚಳಿಗಾಲ ಕಳೆಯಿತು ಎಂಬುದನ್ನು ಆ ಮುದ್ರೆ ಹೇಳಲಾರದು. ಅದನ್ನು ಬಲ್ಲವರು ಹಿರಿಯರು ಮಾತ್ರ. ನಿಮ್ಮ ಮನೆಯ ಅಟ್ಟದ ಮೇಲೆಯೂ ಒಂದು ಹಳೆಯ ಭರಣಿ ಇದ್ದೀತು. ಅದರ ಕಥೆಯನ್ನು ಹಿರಿಯರಿಂದ ಕೇಳಿ ಬರೆದಿಡಿ. ಇದು ನಿಮ್ಮ ಮೇಷ್ಟರು ಕೊಡುತ್ತಿರುವ ಮನೆಪಾಠವೆಂದೇ ತಿಳಿಯಿರಿ.